ಬಲ್ಲಾಳರ ಹಲ್ಲಿನ ಮಡಿ

ಜೀವಂಧರ ಬಲ್ಲಾಳರ ಮುಂದಿನ ಹಲ್ಲು ಅಲುಗಾಡಿದ್ದು ಬೆಳಗ್ಗಿನ ಅವಲಕ್ಕಿಗೆ. ಅವಲಕ್ಕಿಗೆ ಸೋಲುವಂಥ ಹಲ್ಲಲ್ಲ ಅದು. ಎರಡು ಸಾವಿರದ ಮೂರರಲ್ಲಿ ಮೂಡುಬಿದಿರೆಯ ಡಾಕ್ಟರು ದವಡೆಗೆ ತಿರುಪು ಹಾಕಿ ಕೂರಿಸಿದ್ದ ಹಲ್ಲು. ಮೂರೇ ವರ್ಷಕ್ಕೆ ತೊಟ್ಟಿಲಂತೆ ತೂಗತೊಡಗಿತ್ತು. ಅದೂ ಬೆಳುವಾಯಿಯ ಬಸದಿಯಲ್ಲಿ ಅವರ ಮನೆತನದ ಕ್ಷೀರಾಭಿಷೇಕದ ಮುನ್ನಾದಿನ! ಮೂರ್ತಿಗೆ ಹಾಲೆರೆಯುವ ಆ ಒಂದು ಗಳಿಗೆಗಾಗಿ ಬಲ್ಲಾಳರು ವರ್ಷವಿಡೀ ಕತ್ತಲಾದ ಮೇಲೆ ತುತ್ತು ಮುಟ್ಟುತ್ತಿರಲಿಲ್ಲ, ಸೋಸದ ನೀರು ಕುಡಿಯುತ್ತಿರಲಿಲ್ಲ.

ನೆರೆಯ ಛತ್ರಿ ಅಂಗಡಿಯ ಅಬೂಬಕ್ಕರ್ ತಮ್ಮ ಕಾರಿನಲ್ಲಿ ಅದೇ ಡಾಕ್ಟರಲ್ಲಿಗೆ ಕರೆದೊಯ್ದರು. ಕರೆಯದಿದ್ದರೂ ಒಳಗೂ ಬಂದು ಕುಳಿತರು.

"ನಿಮ್ಮ ವಸಡು ನೀರುಳ್ಳಿ ಸಿಪ್ಪೆಯಷ್ಟು ತೆಳು," ಎಂದರು ಡಾಕ್ಟರು. "ದಪ್ಪ ಇದ್ರೆ ತಿರುಪಿನ ಸುತ್ತಲಿನ ಎಲುಬನ್ನು ಕಾಯ್ತದೆ. ನಿಮ್ಮದು ಕಾಯ್ಲಿಲ್ಲ, ಎಲುಬು ಕರಗಿದೆ."

"ಬೇರೆ ಹೋಲಿಕೆ ಉಂಟಾ ಡಾಕ್ಟ್ರೇ? ನಾವು ನೀರುಳ್ಳಿ ತಿನ್ನುವುದಿಲ್ಲ," ಎಂದರು ಬಲ್ಲಾಳರು.

"ಅಂಗುಳಿಂದ ಸ್ವಲ್ಪ ಮಾಂಸ ತೆಗೆದು ವಸಡಿಗೆ ಹೊಲಿಯುವ. ಗುಂಡಿಗೆ ಎಲುಬಿನ ಪುಡಿ ತುಂಬುವ. ಮತ್ತೆ ಚಿಂತೆ ಇಲ್ಲ."

"ಯಾವ ಪ್ರಾಣಿಯ ಎಲುಬು?" ಅಬೂಬಕ್ಕರ್ ಕುರ್ಚಿ ಮುಂದಕ್ಕೆಳೆದರು. "ಬಲ್ಲಾಳರಿಗೆ ಇರುವೆಯದ್ದೂ ಆಗ್ಲಿಕ್ಕಿಲ್ಲ."

"ದನದ್ದು. ಸುಟ್ಟು ಶುದ್ಧ ಮಾಡಿದ್ದು, ಬರೀ ಸುಣ್ಣ."

ಬಲ್ಲಾಳರು ಬಾಯಿ ಮುಚ್ಚಿಬಿಟ್ಟರು. ಡಾಕ್ಟರ ಬೆರಳು ಸ್ವಲ್ಪದರಲ್ಲಿ ಉಳಿಯಿತು.

ಅಬೂಬಕ್ಕರ್ ಅಲ್ಲಿಗೇ ಬಿಡಬಹುದಿತ್ತು. "ಹಾಗಾದ್ರೆ ಮೊದಲ ಸಲ ಹಾಕಿದಾಗ?"

ಡಾಕ್ಟರು ಕೈಗವಸು ಸರಿಮಾಡಿಕೊಂಡರು. "ಆಗಲೂ ಸ್ವಲ್ಪ ಹಾಕಿದ್ದೆ. ಇವರು ಕೇಳ್ಲಿಲ್ಲ."

ಬಲ್ಲಾಳರು ಬೆರಳು ಮಡಚಿ ಎಣಿಸಿದರು. ಮೂರು ಅಭಿಷೇಕ, ಮೂರು ಸಲ ಅದೇ ಬಾಯಲ್ಲಿ ಮಂತ್ರ. "ಈಗಲೇ ತೆಗೆಯಿರಿ. ತಿರುಪು, ಪುಡಿ ಏನೂ ಉಳಿಯಬಾರದು," ಎಂದರು.

"ತೊಳೆದು ಮದ್ದು ಹಾಕಿದ್ರೆ ಇನ್ನೂ ಕೆಲವು ವರ್ಷ ನಿಲ್ತದೆ ಬಲ್ಲಾಳರೇ."

"ಇಡೀ ಜನ್ಮ ನಿಂತರೂ ಬೇಡ."

ಅಬೂಬಕ್ಕರ್ ಮುಖ ಸಣ್ಣದಾಯಿತು. "ನಾನು ಸುಮ್ಮನೆ ಕೇಳಿದ್ದು ಮಾರಾಯ್ರೇ," ಎಂದು ಅವರ ಕೈ ಹಿಡಿದುಕೊಂಡರು. ತಿರುಪು ಬಂತು, ಕೆರೆದಷ್ಟೂ ಎಲುಬು ಬಂತು. ಹಲ್ಲಿದ್ದ ಜಾಗದಲ್ಲಿ ಕಿರುಬೆರಳು ಹೋಗುವಷ್ಟು ಗುಂಡಿ ಬಿತ್ತು.

ಸಂಜೆ ಬಾಯಿಗೆ ಹತ್ತಿ ಕಚ್ಚಿಕೊಂಡು, ಆದರೂ ಹಗುರಾದ ಮನಸ್ಸಿನಿಂದ, ಬಲ್ಲಾಳರು ಬಸದಿಗೆ ಹೋದರು. ಪುರೋಹಿತ ಆದೀಶ ಇಂದ್ರರು ನಾಳೆಯ ಕಲಶ ತೊಳೆಯುತ್ತಿದ್ದರು. ಹತ್ತಿ ಕೆಂಪಾಗಿದ್ದು ಕಂಡು ಕೈ ನಿಲ್ಲಿಸಿದರು.

"ರಕ್ತ ಬರ್ತಾ ಉಂಟಲ್ಲ ಬಲ್ಲಾಳರೇ. ಗಾಯ ಒಣಗುವವರೆಗೆ ನೀವು ಮೂರ್ತಿ ಮುಟ್ಟುವ ಹಾಗಿಲ್ಲ. ಈ ವರ್ಷ ನಿಮ್ಮ ಹೆಸರಲ್ಲಿ ನಾನೇ ಎರೆಯುತ್ತೇನೆ."

ಬಲ್ಲಾಳರು ಮಡಿಗಾಗಿಯೇ ಹಲ್ಲು ಕೊಟ್ಟು ಬಂದದ್ದನ್ನೆಲ್ಲ, ಹತ್ತಿಯ ಸಂದಿಯಲ್ಲಿ, ತೊದಲುತ್ತ ಹೇಳಿದರು.

ಇಂದ್ರರು ಎಲ್ಲ ಕೇಳಿ ನಿಟ್ಟುಸಿರಿಟ್ಟರು. ಮತ್ತೆ ಸಮಾಧಾನ ಹೇಳುವವರಂತೆ ನಕ್ಕರು. ಮೇಲ್ಸಾಲಿನಲ್ಲಿ ಹಾಲಿನಷ್ಟು ಬಿಳಿಯ ಎರಡು ಹೊಸ ಹಲ್ಲು ಕಂಡವು.

"ಇವನ್ನೂ ಅದೇ ಡಾಕ್ಟ್ರು ಕೂರಿಸಿದ್ದು, ಹೋದ ವರ್ಷ. ಏನೋ ಪುಡಿ ಹಾಕ್ತೇನೆ ಅಂದ್ರು. ಹಾಕಿ ಅಂದೆ. ಯಾವ ಪುಡಿ ಅಂತ ನಾನು ಕೇಳ್ಲಿಕ್ಕೆ ಹೋಗ್ಲಿಲ್ಲ."

ಇಷ್ಟು ಹೇಳಿ ಅವರು ಕಲಶವನ್ನು ಒಳಗೆ ಒಯ್ದರು. ಬಲ್ಲಾಳರಿಗೆ ಹೇಳುವುದು ಬಹಳ ಇತ್ತು. ಆದರೆ ಅಷ್ಟು ಮಾತಿಗೇ ಹತ್ತಿ ತೊಯ್ದುಹೋಗಿತ್ತು, ಇನ್ನು ಬಾಯಿ ತೆರೆದರೆ ರಕ್ತ ಬಸದಿಯ ಮೆಟ್ಟಿಲ ಮೇಲೆ ಬೀಳುತ್ತಿತ್ತು.