ಮೂರನೇ ಕಲ್ಲಿಂದ ನಾಲ್ಕನೇ ಕಲ್ಲಿಗೆ

ಬನ್ನಿ, ಹತ್ತಿರ ಬಂದು ಕೂತ್ಕಳಿ. ಕಾಲು ಚಾಚೋರು ಚಾಚಿಕೊಳ್ಳಿ, ಆದ್ರೆ ಬಾಗಿಲಿಗೆ ಬೆನ್ನು ಕೊಟ್ಟು ಮಾತ್ರ ಕೂರಬೇಡಿ. ನಾನು ಓದಿದೋಳಲ್ಲ. ನಂಗೆ ಓದೋಕೆ ಬರೋ ಅಂಕಿ ಎರಡೇ, ಮೂರು ಮತ್ತು ನಾಲ್ಕು. ಆ ಅಂಕಿ ಕೆತ್ತಿದ ಎರಡು ಮೈಲಿಕಲ್ಲಿನ ನಡುವೆ ಸಂಸಾರ ಮಾಡಿದೋಳು ನಾನು. ಮಹಾರಾಜರ ಕಾಲ. ಮಧುಗಿರಿಯಿಂದ ದೊಡ್ಡೇರಿ ಕಡೆ ಹೋಗೋ ರಸ್ತೇಲಿ ನಮ್ಮೆಜಮಾನ್ರು ಮೈಲಿಕೂಲಿ. ಅಂದ್ರೆ ಒಂದು ಮೈಲಿ ರಸ್ತೆ ಅವರ ಪಾಲಿಗೆ. ಗುಂಡಿ ಬಿದ್ರೆ ಜಲ್ಲಿ ತುಂಬೋದು, ಮೋರಿ ಕಟ್ಟಿಕೊಂಡ್ರೆ ಬಿಡಿಸೋದು. ಆ ಕೆಲಸ ಇರೋವರೆಗೆ ನಾಲ್ಕನೇ ಕಲ್ಲಿನ ಪಕ್ಕದ ಸರ್ಕಾರಿ ಗುಡಿಸಲು ನಮ್ಮದು. ನಾವಿದ್ದಷ್ಟು ದಿನ ಆ ಮೈಲಿ ಏನಾದ್ರೂ ಒಂದು ಮಾಡ್ತಾನೇ ಇತ್ತು. ಆಗ ಮೈಯೆಲ್ಲ ಬೆವರು. ಈಗ ನೆನೆಸಿಕೊಂಡ್ರೆ ನಗು ಬರುತ್ತೆ. ಪೂರ್ತಿ ನಗು ಅಲ್ಲ, ಮುಕ್ಕಾಲು.

೧. ಕೂಗಳತೆ

ನನ್ನ ತವರು ಪಾವಗಡದ ಕಡೆ, ತಿರುಮಣಿ ಹತ್ತಿರ. ಮನೇಲಿ ಅರ್ಧ ತೆಲುಗು, ಅರ್ಧ ಕನ್ನಡ. ಸಂಬಂಧ ತಂದ ಮುದುಕ "ಗಂಡಿನ ಮನೆ ಕೂಗಳತೆ ದೂರ" ಅಂದ. ಅಂದ್ರೆ ಇಲ್ಲಿ ಕೂಗಿದ್ರೆ ಅಲ್ಲಿ ಕೇಳಿಸೋವಷ್ಟು. ಅಪ್ಪ ನಂಬಿ ಕೊಟ್ಟ. ಮದುವೆ ಮುಗಿಸಿ ಗಾಡಿ ಹತ್ತಿದೋಳು ಇಳಿದಿದ್ದು ಮಾರನೇ ದಿನ. "ಇದೆಂಥ ಕೂಗಳತೆ ತಾತ" ಅಂದ್ರೆ, "ಯಾರು ಕೂಗಬೇಕು ಅಂತ ನಾನು ಹೇಳಿದ್ನೇನಮ್ಮ" ಅಂದ.

ಬಂದು ಎಂಟು ದಿನ ಆಗಿರಬೇಕು. ನಡುಮಧ್ಯಾಹ್ನ. ನಾಲ್ಕನೇ ಕಲ್ಲಿನ ಹತ್ತಿರ ಒಬ್ಬಳೇ ನಿಂತಿದ್ದೆ. ನೆರಳು ಕಾಲಡಿಗೆ ಸೇರಿಕೊಂಡಿತ್ತು. ಎಲ್ಲೂ ಒಂದು ಹಕ್ಕಿಯ ಸದ್ದಿಲ್ಲ. ಅವ್ವನ ನೆನಪಾಯ್ತು, ಕೂಗೇ ಬಿಡಾಣ ಅಂತ "ಅಮ್ಮೋ" ಅಂದೆ. ರಸ್ತೆ ಉದ್ದದಿಂದ "ಓ" ಅಂತು. ಸಾವಕಾಶವಾಗಿ, ಎಷ್ಟೋ ದಿನದಿಂದ ಕಾಯ್ತಾ ಇದ್ದವರ ಹಂಗೆ.

ಗುಡಿಸಲಿಗೆ ಓಡಿದೆ. ಅತ್ತೆಮ್ಮ ಅಡಿಕೆ ಕತ್ತರಿಸ್ತಾ ಇದ್ರು.

"ಗಂಡು ದನಿಯೋ, ಹೆಣ್ಣು ದನಿಯೋ?"

"ಗಂಡು ದನಿ ಅತ್ತೆ."

"ಅಂಗಾರೆ ನನ್ ಮಗ ಕಣಮ್ಮ. ಮೋರಿ ಕೆಳಗೆ ಮಲಗಿರ್ತಾನೆ. ಓವರ್‌ಸಿಯರ್ ಕೂಗಿದ್ರು ಅನ್ಕಂಡು ಓ ಅಂದವ್ನೆ."

ಹೋಗಿ ನೋಡಿದ್ರೆ ನಿಜವಾಗಿ ಮೋರಿ ಕೆಳಗೆ ಗೊರಕೆ. ಎಬ್ಬಿಸಿ ಕೇಳಿದೆ. ಕಣ್ಣು ಉಜ್ಜಿಕೊಂಡು ಅವರು ಅಂದ್ರು: "ನಾನಲ್ಲ. ಆ 'ಓ' ನಂಗೂ ಕೇಳಿಸ್ತು. ನೀನೇ ಕೂಗಿ ನೀನೇ ಓಗೊಟ್ಟೆ ಅನ್ಕಂಡೆ. ಪಾವಗಡದ ಕಡೆ ಹಿಂಗೇ ಏನೋ ಅಂತ ಮತ್ತೆ ಮಲ್ಕಂಡ್ಬುಟ್ಟೆ."

೨. ಎಲೆಅಡಿಕೆ ಲೆಕ್ಕ

ಅತ್ತೆಮ್ಮನಿಗೆ ಮೈಲಿ ಅಂದ್ರೆ ಆಗ್ತಿರಲಿಲ್ಲ. "ಅದು ಕಲ್ಲು ನೆಟ್ಟೋರ ಲೆಕ್ಕ. ನಮ್ಮದು ಹರದಾರಿ, ಅದರ ಚಿಲ್ಲರೆ ಎಲೆಅಡಿಕೆ" ಅನ್ನೋರು. ಅವರ ನಡಿಗೇಲಿ ಒಂದು ಸಲ ಬಾಯಿಗೆ ಹಾಕಿದ ಎಲೆಅಡಿಕೆ ಒಂದು ಕಲ್ಲಿಂದ ಇನ್ನೊಂದು ಕಲ್ಲಿನ ತನಕ. ಆ ಕಲ್ಲಿನ ಹತ್ರ ಹಾಕಿ, ಈ ಕಲ್ಲಿನ ಹತ್ರ ಉಗೀಬೇಕು. ಬೇರೆ ಎಲ್ಲಾ ಮೈಲೀಲೂ ಈ ಲೆಕ್ಕ ತಪ್ಪುತ್ತಿರಲಿಲ್ಲ. ನಮ್ಮ ಮೈಲೀಲಿ ಮಾತ್ರ ಸಂತೆಗೆ ಹೋಗುವಾಗ ಒಂದು, ಬರುವಾಗ ಎರಡು.

"ಹೋಗೋವಾಗ ಇದ್ದಷ್ಟೇ ಬರೋವಾಗ ಇರಲ್ಲ ಕಣೆ. ಬೆಳ್ಕಂಡಿರ್ತದೆ."

ಸಿರಾದಿಂದ ಒಬ್ಬ ಸಾಬರು ಜಟಕಾ ಹೊಡ್ಕೊಂಡು ಇದೇ ದಾರೀಲಿ ಮಧುಗಿರಿಗೆ ಬರೋರು. ನೀರು ಕುಡಿಯೋಕೆ ನಿಂತಾಗ ಅವರನ್ನ ಕೇಳಿದೆ.

"ನಂಗೂ ಗೊತ್ತು ಬೇಟಿ. ನಡುವೆ ಆ ಹೊಂಗೆಮರ ಇದೆಯಲ್ಲ, ಅಲ್ಲಿ ಕುದುರೆ ತಾನೇ ನಿಲ್ಲುತ್ತೆ. ಹಿಂದುಗಡೆ ಗಾಡಿ ಒಂದಿಷ್ಟು ಕೆಳಗೆ ಕೂರುತ್ತೆ. ಯಾರೋ ಹತ್ತಿದ್ರು ಅಂತ. ಕಲ್ಲು ಬಂದ ಕೂಡಲೇ ಗಾಡಿ ಮೇಲೆ ಏಳುತ್ತೆ. ಇಳಿದ್ರು ಅಂತ."

"ತಿರುಗಿ ನೋಡಿದ್ದೀರಾ ಸಾಬ್ರೆ?"

"ಯಾಕೆ ನೋಡ್ಲಿ?"

"ಭಯ ಆಗಲ್ವಾ?"

"ಭಯ ಏನು ಬಂತು? ಇಷ್ಟು ವರ್ಷದಲ್ಲಿ ಒಂದು ದಿನಾನೂ ಬೇಗ ಹೊಡಿ, ನಿಧಾನ ಹೊಡಿ ಅಂದವರಲ್ಲ. ತಲೆ ತಿನ್ನೋದೆಲ್ಲ ಜೀವ ಇರೋ ಜನಾನೇ."

೩. ಸಾವಿರ ಹೆಜ್ಜೆ

ರಸ್ತೆ ನೋಡಿಕೊಳ್ಳೋ ಓವರ್‌ಸಿಯರು ಸೈಕಲ್ಲಲ್ಲಿ ಬರೋರು. ತಲೆ ಮೇಲೆ ಟೋಪಿ, ಕಾಲಿಗೆ ಬೂಟು, ಬಹಳ ಓದಿದೋರು. ಒಂದು ದಿನ ಅತ್ತೆಮ್ಮ ಅವರಿಗೆ ಮಜ್ಜಿಗೆ ಕೊಟ್ಟು ಕೇಳಿದ್ರು: "ಸ್ವಾಮಿ, ಈ ಮೈಲಿ ಅನ್ನೋದನ್ನ ಹುಟ್ಟಿಸಿದ್ದು ಯಾರು?"

ಅವರಿಗೆ ಖುಷಿಯಾಯ್ತು. ಇಂಥ ಪ್ರಶ್ನೆ ಅವರನ್ನ ಯಾರೂ ಕೇಳಿರಲಿಲ್ಲ ಅಂತ ಕಾಣುತ್ತೆ. "ಬಹಳ ಹಿಂದೆ ಕಡಲಾಚೆ ರೋಮ್ ಅಂತ ರಾಜ್ಯ ಇತ್ತು ಅಜ್ಜಿ. ಅಲ್ಲಿಯ ಸಿಪಾಯಿಗಳು ಸಾಲಾಗಿ ನಡೆಯೋರು. ಸಾವಿರ ಹೆಜ್ಜೆಗೆ ಒಂದು ಕಲ್ಲು. ಅವರ ಭಾಷೇಲಿ ಸಾವಿರಕ್ಕೆ ಮಿಲ್ಲೆ ಅಂತಾರೆ, ಅದರಿಂದ ಬಂದಿದ್ದು ಮೈಲಿ."

"ಸಾವಿರ ಹೆಜ್ಜೆಗೆ ಹೊಂಗೆಮರಾನೂ ಸಿಕ್ಕಲ್ವಲ್ಲ ಸ್ವಾಮಿ."

"ಎಡಗಾಲು ಊರಿದಾಗ ಮಾತ್ರ ಎಣಿಸೋದು. ಎರಡು ಹೆಜ್ಜೆ ಸೇರಿ ಒಂದು. ಆಮೇಲೆ ಇಂಗ್ಲೆಂಡಲ್ಲಿ ಒಬ್ಬ ರಾಣಿ ಆಳುವಾಗ ಅದನ್ನ ಇನ್ನೊಂದಿಷ್ಟು ಎಳೆದು ಉಳುಮೆ ಸಾಲಿಗೆ ಸರಿ ಮಾಡಿದ್ರು. ಎತ್ತು ನಿಲ್ಲದೆ ಎಳೆಯೋ ಒಂದು ಸಾಲು ಒಂದು ಫರ್ಲಾಂಗು. ಅಂಥ ಎಂಟು ಸೇರಿದ್ರೆ ಮೈಲಿ."

ರಾಣಿ, ಎತ್ತು ಯಾವುದೂ ಅತ್ತೆಮ್ಮನ ಕಿವಿಗೆ ಹೋಗಿರಲಿಲ್ಲ. "ಬಲಗಾಲಿನ ಹೆಜ್ಜೆ ಯಾರ ಲೆಕ್ಕಕ್ಕೆ ಹೋಯ್ತು?"

"ಅದನ್ನ ಯಾರೂ ಎಣಿಸಲ್ಲ."

"ಅಂದ್ರೆ ಮೈಲಿ ಮೈಲಿಗೂ ಸಾವಿರ ಹೆಜ್ಜೆ ವಾರಸುದಾರರಿಲ್ದೆ ರಸ್ತೇಲಿ ಬಿದ್ದವೆ ಅನ್ನಿ." ಅತ್ತೆಮ್ಮ ಹೊಂಗೆಮರದ ಕಡೆ ನೋಡಿದ್ರು. "ಅಂಗೇ ಬಿದ್ದಿರ್ತವಾ? ಯಾರೋ ಎತ್ಕಂಡು ನಡೀತಾವ್ರೆ."

ಓವರ್‌ಸಿಯರು ಜೋರಾಗಿ ನಕ್ಕರು. ನಕ್ಕು, ಮೀಸೆಯ ಮಜ್ಜಿಗೆ ಒರೆಸಿಕೊಂಡು, ಮೂರನೇ ಕಲ್ಲಿನ ತನಕ ಜೊತೆಗೆ ಬಾ ಅಂತ ನಮ್ಮೆಜಮಾನ್ರನ್ನ ಕರೆದುಕೊಂಡು ಹೋದ್ರು. ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡೇ ಹೋದ್ರು.

೪. ಸರಪಳಿ

ಆ ಮಾತು ಕೇಳಿದ್ದೇ ಕೇಳಿದ್ದು, ನಮ್ಮೆಜಮಾನ್ರ ಕಿವಿ ಕೆಟ್ಟಿತು. ಹೊಂಗೆಮರ ದಾಟಿದ್ರೆ ತಮ್ಮದು ಎರಡು ಹೆಜ್ಜೆ, ಹಿಂದೆ ಒಂದು. "ಬಲಗಾಲಿಂದೇ ಕಣೆ. ತೂಕವಾಗಿ ಇಡ್ತಾನೆ." ಮರದ ಹತ್ತಿರ ಹೋಗೋದೇ ಬಿಟ್ಟರು. ಈ ಕಡೆಯಿಂದ ಒಂದಿಷ್ಟು ಕೆಲಸ ಮಾಡೋದು, ಹೊಲದ ಮೇಲೆ ಸುತ್ತಿ ಹೋಗಿ ಆ ಕಡೆಯಿಂದ ಒಂದಿಷ್ಟು ಮಾಡೋದು. ನಡುವೆ ಗುಂಡಿ ಬಿದ್ದು, ಎಮ್ಮೆ ಮಲಗೋವಷ್ಟಾಯ್ತು.

ಓವರ್‌ಸಿಯರು ಕೆಂಡವಾದ್ರು. "ಸೋಮವಾರ ದೊಡ್ಡ ಇಂಜಿನಿಯರ ಮೋಟಾರು ಬರುತ್ತೆ. ಅಷ್ಟರಲ್ಲಿ ಗುಂಡಿ ತುಂಬದಿದ್ರೆ ಬೇರೆಯವನನ್ನ ಹಾಕ್ತೀನಿ. ಗುಡಿಸಲು ಖಾಲಿ ಮಾಡಿ."

ನಂಗೆ ಆಗ ಏಳು ತಿಂಗಳು. ಹೊಟ್ಟೆ ಹೊತ್ತುಕೊಂಡು ಎಲ್ಲಿಗೆ ಹೋಗೋದು?

ನಮ್ಮೆಜಮಾನ್ರು ಕೈಮುಗಿದ್ರು. "ಈ ಮೈಲಿ ಲೆಕ್ಕಾನೇ ಸರಿಯಿಲ್ಲ ಬುದ್ಧಿ. ಬೇಕಾದ್ರೆ ಅಳೆದು ನೋಡಿ."

ಇವನ ಭಯ ಬಿಡಿಸ್ತೀನಿ ಅಂತ ಓವರ್‌ಸಿಯರು ಮಾರನೇ ದಿನ ಅಳತೆ ಸರಪಳಿ ತಂದ್ರು. ಎಂಬತ್ತು ಸರಪಳಿಗೆ ಒಂದು ಮೈಲಿ, ಒಂದು ಗೇಣೂ ಹೆಚ್ಚುಕಮ್ಮಿ ಆಗಲ್ಲ ಅಂದ್ರು. ಒಂದು ತುದಿ ಅವರು, ಇನ್ನೊಂದು ತುದಿ ನಮ್ಮೆಜಮಾನ್ರು. ನಾಲ್ಕರಿಂದ ಮೂರಕ್ಕೆ ಎಳೆದ್ರೆ ಎಪ್ಪತ್ತೊಂಬತ್ತು.

"ಬಿಸಿಲಿಗೆ ಕಬ್ಬಿಣ ಹಿಗ್ಗಿದೆ" ಅಂದ್ರು.

ಮೂರರಿಂದ ನಾಲ್ಕಕ್ಕೆ ವಾಪಸ್ ಎಳೆದ್ರೆ ಎಂಬತ್ತೊಂದು.

"ಬರೋವಾಗ ಅದಕ್ಕೆ ಚಳಿ ಆಯ್ತಾ ಸ್ವಾಮಿ?" ಅಂದ್ರು ಅತ್ತೆಮ್ಮ.

ಓವರ್‌ಸಿಯರು ಪುಸ್ತಕ ತೆಗೆದು ಎಂಬತ್ತು ಅಂತ ಬರೆದ್ರು. "ಎರಡೂ ಕೂಡಿಸಿ ಅರ್ಧ ಮಾಡಿದ್ರೆ ಎಂಬತ್ತೇ ತಾನೆ" ಅಂದು ಸೈಕಲ್ ಹತ್ತಿದ್ರು. ಸರಪಳಿಯ ಆ ತುದಿ ಹೊಂಗೆಮರದ ಕಡೆ ಬಿದ್ದಿತ್ತು. ಸುತ್ತಿಕೊಂಡು ಹೋಗೋಕೆ ಅವರು ನಿಲ್ಲಲಿಲ್ಲ. ಸೋಮವಾರದ ಮಾತು ಮಾತ್ರ ಹೋಗ್ತಾ ಹೋಗ್ತಾ ಇನ್ನೊಂದು ಸಲ ಹೇಳಿದ್ರು.

೫. ಎಡ ನಂದು, ಬಲ ನಿಂದು

ಭಾನುವಾರ ಬಂತು, ಗುಂಡಿ ಹಂಗೇ ಇತ್ತು. ಅತ್ತೆಮ್ಮ ಸೆರಗು ಬಿಗಿದು ಎದ್ದರು.

"ವಾರಸುದಾರರಿಲ್ದೆ ತಾನೆ ಅವನು ಎತ್ಕಂಡಿದ್ದು? ಇವತ್ತು ಒಂದು ಹೆಜ್ಜೇನೂ ಬಿಡಾದು ಬ್ಯಾಡ. ಎಡಗಾಲಿಂದು ನಾನೆಣಿಸ್ತೀನಿ, ಬಲಗಾಲಿಂದು ನೀನೆಣ್ಸು. ಮಿಗೋದಿಲ್ಲ, ಅವನಿಗೆ ಸಿಗೋದೂ ಇಲ್ಲ."

"ಬೆಳಗಿನ ತಂಪಲ್ಲಿ ಹೋಗಾಣ ಅತ್ತೆ."

"ಅವನು ಓಡಾಡೋದು ಮಧ್ಯಾಹ್ನ. ಬೆಳಿಗ್ಗೆ ಎಣಿಸಿ ಯಾರಿಗೆ ತೋರ್ಸಾದು?"

ಇಬ್ಬರ ತಲೆ ಮೇಲೂ ಜಲ್ಲಿ ತುಂಬಿದ ಬಿದಿರು ಮಂಕರಿ. ಮುಂದೆ ಅತ್ತೆಮ್ಮ, ಹಿಂದೆ ನಾನು. ನಡುವೆ ನಮ್ಮೆಜಮಾನ್ರು, ಹೆಗಲ ಮೇಲೆ ಜಲ್ಲಿ ಬಡಿಯೋ ದಿಮ್ಮಸು, ಏನೂ ಕಾಣಿಸಬಾರದು ಅಂತ ತಲೆಯಿಂದ ಎದೆ ತನಕ ಗೋಣಿಚೀಲ. ಮೂವರದೂ ಒಂದೇ ಹೆಜ್ಜೆ. ಅತ್ತೆಮ್ಮ ಕನ್ನಡದಲ್ಲಿ "ಒಂದು" ಅಂದ್ರೆ ನಾನು ತೆಲುಗಲ್ಲಿ "ಒಕಟಿ". "ಎರಡು", "ರೆಂಡು". ಇಬ್ಬರಿಗೂ ಇಪ್ಪತ್ತರ ಮೇಲೆ ಬರ್ತಿರಲಿಲ್ಲ. ಇಪ್ಪತ್ತಾದ ಕೂಡಲೇ ಮತ್ತೆ ಒಂದರಿಂದ.

ಹೊಂಗೆಮರ ಬಂತು. ಗಾಳಿ ನಿಂತಿತು. ಬೆನ್ನ ಹಿಂದೆ ಯಾರೋ ತಣ್ಣಗೆ ಉಸಿರು ಬಿಟ್ಟ ಹಂಗಾಯ್ತು.

"ಅತ್ತೆ."

"ಹಿಂದೆ ನೋಡ್ಬ್ಯಾಡ. ಎಣ್ಸು."

ಗುಂಡಿಗೆ ಜಲ್ಲಿ ಸುರಿದ್ವಿ. ನಮ್ಮೆಜಮಾನ್ರು ಗೋಣಿ ತೆಗೆಯದೆ ದಿಮ್ಮಸು ಹಾಕಿದ್ರು, ಎರಡು ಏಟು ತಮ್ಮ ಕಾಲಿನ ಮೇಲೇ. ಎರಡೇ ಮಂಕರಿಗೆ ಎಮ್ಮೆ ಮಲಗೋ ಗುಂಡಿ ಹೆಂಗೆ ತುಂಬಿತು ಅಂತ ಆಗ ಹೊಳೀಲಿಲ್ಲ. ಖಾಲಿ ಮಂಕರಿ ತಲೆಗೆ ಕವುಚಿಕೊಂಡು, ಎಣಿಸ್ತಾ, ಮೂರನೇ ಕಲ್ಲಿನ ಕಡೆ ಹೊರಟ್ವಿ. ಅಲ್ಲಿಗೆ ಮುಟ್ಟಿದ್ರೇ ಲೆಕ್ಕ ಪೂರ್ತಿ.

ಅದೇ ಹೊತ್ತಿಗೆ ಆ ಕಡೆಯಿಂದ ಓವರ್‌ಸಿಯರು ಬಂದ್ರು, ಗುಂಡಿ ಏನಾಯ್ತು ನೋಡೋಣ ಅಂತ. ಬಿಸಿಲ ಝಳದಲ್ಲಿ ರಸ್ತೆ ನೀರಿನ ಹಂಗೆ ಅಲ್ಲಾಡ್ತಿತ್ತು. ಅದರೊಳಗಿಂದ ತಲೆಯಿಲ್ಲದ ಮೈಗಳು, ಒಂದೇ ಹೆಜ್ಜೆ, ಎರಡು ಭಾಷೇಲಿ ಎಣಿಸ್ತಾ ತಮ್ಮ ಕಡೆಗೇ ಬರ್ತಾ ಇವೆ. ಪಾಪ, ರೋಮಿನ ಕಥೆ ಹೇಳಿದ್ದೂ ಅವರೇ. ಸೈಕಲ್ ಬಿಸಾಕಿ ಮಧುಗಿರಿ ಬೆಟ್ಟದ ಕಡೆ ಓಡಿದ್ರು. ನಾವು ಕಲ್ಲು ಮುಟ್ಟೋ ಹೊತ್ತಿಗೆ ಟೋಪಿ ಒಂದು ಕಡೆ, ಒಂದು ಬೂಟು ಇನ್ನೊಂದು ಕಡೆ, ಸೈಕಲ್ ಚಕ್ರ ಇನ್ನೂ ತಿರುಗ್ತಾ ಇತ್ತು.

ಸೋಮವಾರ ಮೋಟಾರು ಕುಲುಕದೆ ಹೋಯ್ತು. ರಸ್ತೆ ಚೆನ್ನಾಗಿದೆ ಅಂದ್ರಂತೆ ಇಂಜಿನಿಯರು. ಕೆಲಸ ಉಳೀತು, ಗುಡಿಸಲು ಉಳೀತು. ಸಾಯಂಕಾಲ ನಮ್ಮೆಜಮಾನ್ರು ಸೈಕಲ್, ಟೋಪಿ, ಬೂಟು ಕಚೇರಿಗೆ ಮುಟ್ಟಿಸಿ, ನಿನ್ನೆ ಬಂದಿದ್ದು ನಾವೇ ಸ್ವಾಮಿ ಅಂತ ತಪ್ಪೊಪ್ಪಿಕೊಂಡ್ರು.

ಓವರ್‌ಸಿಯರು ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ ಕೇಳಿದ್ರು: "ಎಷ್ಟು ಜನ ಇದ್ರಿ?"

"ಮೂರು ಜನ. ನಮ್ಮವ್ವ, ನಾನು, ನನ್ನ ಹೆಂಡ್ತಿ."

"ಅದು ಸರಿ. ನಿನ್ನ ಹೆಂಡ್ತಿ ಹಿಂದೆ, ದೊಡ್ಡ ಮಂಕರಿ ಹೊತ್ಕೊಂಡು ಒಂದೇ ಕಾಲು ಊರ್ತಾ ಬರ್ತಿದ್ನಲ್ಲ, ಅವನು ಯಾರು?"

ಆಮೇಲೆ ಯಾರ್ಯಾರು ಏನಾದ್ರು ಅಂತ ಕೇಳ್ತೀರಿ. ಓವರ್‌ಸಿಯರು ಮಂಡಿನೋವು ಅಂತ ಅರ್ಜಿ ಕೊಟ್ಟು ಕಚೇರಿ ಒಳಗಿನ ಕೆಲಸ ತಗೊಂಡ್ರು, ಸಾಯೋ ತನಕ ಕುರ್ಚಿ ಬಿಡಲಿಲ್ಲ. ಸಾಬರು ಬಸ್ಸು ಬಂದ ಮೇಲೆ ಜಟಕಾ ಮಾರಿ ಸಿರಾದಲ್ಲಿ ಟೀ ಅಂಗಡಿ ಇಟ್ಟರು, ಕುದುರೆ ಮಾತ್ರ ಮಾರಲಿಲ್ಲ. ಅತ್ತೆಮ್ಮ ನನ್ನ ಮಗನಿಗೆ ನಡೆಯೋದು ಕಲಿಸಿ, ಮುಂದಿನ ವರ್ಷ ಮಲಗಿದಲ್ಲೇ ಹೋದ್ರು. ನಮ್ಮೆಜಮಾನ್ರು ತಲೆ ಹಣ್ಣಾಗೋ ತನಕ ಅದೇ ಮೈಲಿ ನೋಡ್ಕೊಂಡು ಅದೇ ಗುಡಿಸಲಲ್ಲಿ ಕಣ್ಣು ಮುಚ್ಚಿದ್ರು. ನಾನು ಕೊರಟಗೆರೇಲಿ ಮಗನ ಮನೆ ಸೇರಿ ನಿಮ್ಮ ತಲೆ ತಿಂತಾ ಇದ್ದೀನಿ.

ನಾಲ್ಕನೆಯವನಾ? ನಾವಿದ್ದ ತನಕ ಹೊಂಗೆಮರದ ಹತ್ತಿರ ಒಂದು ಗುಂಡೀನೂ ಬೀಳಲಿಲ್ಲ. ಬೆಳಿಗ್ಗೆ ಹೋದ್ರೆ ಹೊಸ ಜಲ್ಲಿ ಹಾಕಿರೋದು, ಬಲಗಾಲಲ್ಲಿ ನೀಟಾಗಿ ತುಳಿದಿರೋದು. ಸರ್ಕಾರಕ್ಕೆ ನಾವು ಹೇಳಲಿಲ್ಲ. ಹೇಳಿದ್ರೆ ಅವನನ್ನ ಕಾಯಂ ಮಾಡಿ ನಮ್ಮನ್ನ ಬಿಡಿಸೋರು.