ಉಪ್ಪುನೀರಿನ ಗುಂಪು

ಇಲಿಗಳ ಜೊತೆ ಕೆಲಸ ಮಾಡುವವರ ಮನೆಯಲ್ಲಿ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ಅಳಬೇಕಾದ ದಿನಗಳಲ್ಲೂ ಅದು ನಿಲ್ಲಲಿಲ್ಲ.

ಅದೊಂದು ಸಾಮಾನ್ಯ ಸೋಮವಾರ. ಹರಿಹರದ ಬಸ್ ನಿಲ್ದಾಣದಲ್ಲಿ ನನ್ನ ಹೆಂಡತಿ ತನ್ನ ಚೀಲವನ್ನು ನನ್ನ ಕೈಗಿತ್ತು, "ಸ್ವಲ್ಪ ಹಿಡ್ಕೊಳ್ರಿ, ಕೂತ್ಕಂತೀನಿ" ಅಂದಳು. ಯಾವತ್ತೂ ಯಾರಿಗೂ ಚೀಲ ಕೊಟ್ಟವಳಲ್ಲ. ಆ ವಾರವೇ ಕಾಯಿಲೆಯ ಹೆಸರು ತಿಳಿಯಿತು. ವರ್ಷ ದಾಟುವುದು ಕಷ್ಟ ಎಂದರು ಡಾಕ್ಟರು. ಅವಳು ಕೇಳಿದ್ದು ಒಂದೇ ಮಾತು: "ನನ್ನ ಪ್ರಯೋಗ ಮುಗಿಯೋ ತನಕ ಇರ್ತೀನೇನ್ರಿ?"

ದಾವಣಗೆರೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಅವಳ ಸಂಶೋಧನೆ. ಕೃತಕವಾಗಿ ತಯಾರಿಸಿದ ಪೆಪ್ಟೈಡ್ ಎಂಬ ಪ್ರೋಟೀನ್ ತುಣುಕನ್ನು ಚುಚ್ಚಿದರೆ ಇಲಿಯ ಮೈಯಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚು ಹೊರಬರುತ್ತದೆಯೇ, ಇಲಿಯ ತೂಕ ಏರುತ್ತದೆಯೇ ಎಂದು ನೋಡುವುದು. ಅರ್ಧ ಇಲಿಗಳಿಗೆ ಪೆಪ್ಟೈಡ್. ಹೋಲಿಸಿ ನೋಡಲು ಇನ್ನರ್ಧಕ್ಕೆ ಬರೀ ಉಪ್ಪುನೀರು.

ಒಂದು ಇಂಚು

ಪಕ್ಕದ ಮನೆಯ ಯಜಮಾನರು ಒಂದು ಸಂಜೆ ಬಂದರು.

"ಮೇಡಂ, ನಮ್ಮ ಹುಡುಗ ಪೊಲೀಸ್ ಅಳತೆಗೆ ಒಂದಿಂಚು ಕಮ್ಮಿ ಬಂದಾನೆ. ಆ ಔಷಧಿ ಒಂಚೂರು ಕೊಡ್ರಿ."

"ಅದು ಮನುಷ್ಯರಿಗಲ್ಲರಿ, ಇಲಿಗೆ."

ಅವರಿಗೆ ಸಿಟ್ಟು ಬಂತು. "ಇಲಿ ಬೆಳೆದು ಏನ್ ಮಾಡ್ಬೇಕ್ರಿ? ಅದಕ್ಕೇನು ಪೊಲೀಸ್ ನೌಕರಿ ಕೊಡ್ತಾರಾ?"

ಶೇಂಗಾ

ಪ್ರಯೋಗದ ಕೊನೆಯಲ್ಲಿ ತೂಗಿದರೆ ಉಪ್ಪುನೀರಿನ ಇಲಿಗಳೇ ದಪ್ಪ. ತಕ್ಕಡಿ ಬದಲಿಸಿ ತೂಗಿದರೂ ಅಷ್ಟೇ. ಕೊನೆಗೆ, ಇಲಿಗಳನ್ನು ನೋಡಿಕೊಳ್ಳುವ ಚಾಚಾ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

"ಚೌತಿ ದಿನ ಒಂದೊಂದು ಚೂರು ಕಡುಬು ಹಾಕಿದೆ ಮೇಡಂ. ಗಣಪ್ಪನ ಇಲಿ ಅಲ್ವೇನ್ರಿ? ಆಮೇಲೆ ದಿನಾ ಒಂದೀಟು ಶೇಂಗಾ."

"ಎಲ್ಲಾ ಇಲಿಗೂ ಹಾಕಿದ್ರಾ?"

"ಛೆ, ಇಲ್ಲ! ಔಷಧಿ ಸಿಗೋವಕ್ಕೆ ಯಾಕ? ಬರೀ ಉಪ್ಪುನೀರಿನವಕ್ಕೆ. ಪಾಪ, ನಾವಾದ್ರೂ ನೋಡ್ಬೇಕಲ್ಲ."

ಅವಳು ಗೋಡೆ ಹಿಡಿದುಕೊಂಡು ನಕ್ಕಳು. ನಂತರ ಕಣ್ಣೊರೆಸಿಕೊಂಡು, ಹೊಸ ಇಲಿಗಳನ್ನು ತರಿಸಿ, ಮತ್ತೆ ಮೊದಲಿಂದ ಶುರುಮಾಡಿದಳು.

ಭೇಟಿ

ಎರಡನೇ ಪ್ರಯೋಗ ಅರ್ಧಕ್ಕೆ ಬಂದಾಗ ಅವಳನ್ನು ಕೆ.ಬಿ. ಬಡಾವಣೆಯ ಆಸ್ಪತ್ರೆಗೆ ಸೇರಿಸಿದೆವು. ಜೊತೆಯ ಸಂಶೋಧಕಿ ಇಲಿಗಳಿಗೆ ಇಂಜೆಕ್ಷನ್ ಕೊಡುತ್ತಿದ್ದಳು. ಮೇಷ್ಟ್ರಾದ ನಾನು ಶಾಲೆ ಬಿಟ್ಟ ಮೇಲೆ ಹೋಗಿ ಇಲಿಗಳ ತೂಕ ಬರೆದುಕೊಂಡು ಬಂದು ಹೆಂಡತಿಗೆ ಓದಿ ಹೇಳುತ್ತಿದ್ದೆ. ಅವಳ ತೂಕ ದಿನದಿಂದ ದಿನಕ್ಕೆ ಇಳಿಯುತ್ತಿತ್ತು.

ಒಂದು ಭಾನುವಾರ ಚಾಚಾ ನೋಡಲು ಬಂದರು. ಮಂಚದ ಮೇಲೆ ತೂಗುತ್ತಿದ್ದ ಬಾಟಲಿ ತೋರಿಸಿ, "ಇದೇನಮ್ಮಾ?" ಅಂದರು.

"ಸಲೈನ್, ಚಾಚಾ. ಉಪ್ಪುನೀರು."

ಚಾಚಾ ನನ್ನ ಹತ್ತಿರ ಸರಿದರು. ಆಮೇಲೆ ನನ್ನ ಕಿವಿಯಲ್ಲಿ, ಆದರೆ ಇಡೀ ವಾರ್ಡಿಗೆ ಕೇಳುವಂತೆ, "ಸರ್, ಮೇಡಮ್ನೋರನ್ನ ಯಾಕ ಈ ಗುಂಪಿಗೆ ಹಾಕಿದ್ರು?" ಅಂದರು.

ಅವಳು ನಕ್ಕ ನಗುವಿಗೆ ನರ್ಸ್ ಓಡಿಬಂದಳು. ಉಸಿರು ಹತೋಟಿಗೆ ಬಂದ ಮೇಲೆ ಅವಳು, "ಈ ಸಲ ಏನೂ ಹಾಕ್ಬ್ಯಾಡ್ರಿ ಚಾಚಾ" ಅಂದಳು.

"ಅಲ್ಲಾನ ಕಸಂ ಅಮ್ಮಾ. ಹಾಕಂಗಿಲ್ಲ."

ಅವಳು ತೀರಿಕೊಂಡ ಮರುವಾರ ಕೊನೆಯ ತೂಕ ಮಾಡಿದೆವು. ಪೆಪ್ಟೈಡ್ ಗುಂಪಿನ ಇಲಿಗಳು ಹೆಚ್ಚು ಭಾರ ಇದ್ದವು.