ಅಡುಗೆಮನೆಗೆ ಆರ್ಡರ್ ಮುಟ್ಟಬಾರದು

ನಮ್ಮ ಸೋದರಮಾವನಿಗೆ ಹಸಿದವರನ್ನು ಕಂಡರೆ ಆಗುವುದಿಲ್ಲ. ಹಸಿವಿಲ್ಲ ಎನ್ನುವವರನ್ನು ಕಂಡರಂತೂ ಇನ್ನೂ ಆಗುವುದಿಲ್ಲ! ರಬಾಳೆಯ ಕಾರ್ಖಾನೆಗಳ ನಡುವೆ ಹೋಟೆಲು ನಡೆಸುವ ಈ ಮಹಾನುಭಾವರ ಕೈಯಿಂದ, ಕರೆಂಟ್ ಬಿಲ್ಲು ಕೊಡಲು ಬಂದವನೂ ಇಡ್ಲಿ ತಿನ್ನದೆ ಪಾರಾದದ್ದಿಲ್ಲ.

ಅಂಥವರ ಮಗಳಿಗೇ ಖಾಲಿ ಹೊಟ್ಟೆಯಲ್ಲಿ ನುಂಗುವ ಮಾತ್ರೆ ಬರಬೇಕೆ? ಕಾಲೇಜಿನಲ್ಲಿರುವ ನಿಧಿಯ ಕುತ್ತಿಗೆಯ ನರಗಳಿಗೆ ಗಡ್ಡೆಯೊಂದು ಹೆಣೆದುಕೊಂಡಿತ್ತು. ಕ್ಯಾನ್ಸರಲ್ಲ, ಆದರೆ ಬೆಳೆಯುತ್ತಲೇ ಇತ್ತು. ಯಾರಾದರೂ ಕರೆದರೆ ಅವಳು ಇಡೀ ಮೈ ತಿರುಗಿಸಬೇಕು. ಕತ್ತರಿಸಿದರೆ ನರಕ್ಕೇ ಅಪಾಯ. ಉಳಿದ ಭರವಸೆ ಆ ಮಾತ್ರೆ.

ನೆರೂಳದ ಡಾಕ್ಟರು ಸಮಾಧಾನದಿಂದ ವಿವರಿಸಿದರು. ಜೀವಕೋಶದೊಳಗೆ ‘ಬೆಳೆ’ ಎಂಬ ಸಂದೇಶ ಒಂದು ಕಣದಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತದಂತೆ. ಇವಳಲ್ಲಿ ಅದರ ಬ್ರೇಕು ಕೆಟ್ಟಿದೆ. ಮಾತ್ರೆ ಆ ಸಂದೇಶವನ್ನು ನಡುದಾರಿಯಲ್ಲೇ ತಡೆಯುತ್ತದೆ.

"ಗೊತ್ತಾಯ್ತು ಡಾಕ್ಟ್ರೇ," ಎಂದರು ಮಾವ. "ವೇಟರ್ ಕೌಂಟರಿಗೆ ಕೂಗ್ತಾನೆ, ಕೌಂಟರಿನವ ಭಟ್ರಿಗೆ ಕೂಗ್ತಾನೆ. ಗಿರಾಕಿಯೇ ಇಲ್ಲ, ದೋಸೆ ಮಾತ್ರ ಬರ್ತಾ ಉಂಟು. ಹಾಗಲ್ವಾ?"

ಹೆಚ್ಚುಕಡಿಮೆ ಹಾಗೇ ಎಂದುಬಿಟ್ಟರು ಡಾಕ್ಟರು. ಅದರ ಫಲ ನಾವು ಉಂಡೆವು.

ಐರೋಲಿಯ ಐಟಿ ಕಂಪನಿಯಲ್ಲಿರುವ ನಾನು ಒಮ್ಮೆ ಹೋಟೆಲಿನಲ್ಲಿ ಕೂತು, "ಈ ಮಾತ್ರೆ ನಿಜಕ್ಕೂ ವರ್ಕ್ ಆಗುತ್ತಾ ಮಾವ?" ಎಂದೆ. ಊಟದ ಸಮಯ, ಒಂದು ಟೇಬಲೂ ಖಾಲಿಯಿಲ್ಲ. ಮಾವ ಎದ್ದು ಅಡುಗೆಮನೆಯ ಕಿಟಕಿಗೆ ಬೆನ್ನು ಕೊಟ್ಟು ಕೈಚಾಚಿ ನಿಂತರು. ಒಂದು ಆರ್ಡರನ್ನೂ ಒಳಗೆ ಬಿಡಲಿಲ್ಲ. ಗಿರಾಕಿಗಳು ಬೈದುಕೊಂಡು ಎದ್ದುಹೋದರು.

"ನೋಡು ಮಾರಾಯ, ಕಾವಲಿ ಮೇಲೆ ಒಂದಾದ್ರೂ ದೋಸೆ ಉಂಟಾ?" ಎಂದರು ಮಾವ, ವಿಜ್ಞಾನವೇ ಗೆದ್ದ ಸಂತೋಷದಲ್ಲಿ!

ಮನೆಯಲ್ಲಿ ಇನ್ನೂ ಕಷ್ಟ. ಮಾತ್ರೆಯ ಹೊತ್ತಿಗೆ ಒಗ್ಗರಣೆ ನಿಷಿದ್ಧ. ಪಕ್ಕದ ಮನೆಯವರು ತಂದ ಮೋದಕ ಬಾಗಿಲಿನಿಂದಲೇ ವಾಪಸ್ಸು.

"ಪಪ್ಪಾ, ಸೂಂಘ್ನೇ ಸೇ ಪೇಟ್ ನಹೀಂ ಭರ್ತಾ," ಎಂದು ನಿಧಿ ತನ್ನ ಹಿಂದಿಯಲ್ಲಿ ಗೋಗರೆದಳು, ಮೂಸಿದ ಮಾತ್ರಕ್ಕೆ ಹೊಟ್ಟೆ ತುಂಬುತ್ತದೆಯೇ ಎಂದು.

"ರಿಸ್ಕ್ ಬೇಡ ಮಗಾ."

ಊರಿಗೆಲ್ಲ ಉಣಿಸುವ ಮನುಷ್ಯ, ಅವಳ ಹೊಟ್ಟೆ ಖಾಲಿಯಿರುವಷ್ಟು ಹೊತ್ತು ತಾನೂ ನೀರಿನ ಹೊರತು ಏನೂ ಮುಟ್ಟುತ್ತಿರಲಿಲ್ಲ.

ಕೆಲವು ತಿಂಗಳ ನಂತರ ಸ್ಕ್ಯಾನ್ ನೋಡಿ ಡಾಕ್ಟರು, ಗಡ್ಡೆ ಕುಗ್ಗುತ್ತಿದೆ, ಮಾತ್ರೆ ಮುಂದುವರಿಸೋಣ ಎಂದರು. ಮಾವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ನೆರೂಳ ಸ್ಟೇಷನ್ನಿನಲ್ಲಿ ನಿಧಿ ನಮಗಿಂತ ಮುಂದೆ ನಡೆಯುತ್ತಿದ್ದಳು.

"ಮಗಾ," ಎಂದು ಕರೆದರು ಮಾವ.

ಅವಳ ಮೈ ಮುಂದಕ್ಕೇ ಇತ್ತು. ಕುತ್ತಿಗೆಯಷ್ಟೇ, ಮೆಲ್ಲಗೆ, ನಮ್ಮತ್ತ ತಿರುಗಿತು. "ಕ್ಯಾ ಹುವಾ, ಪಪ್ಪಾ?"

"ಎಂತ ಇಲ್ಲ. ಸುಮ್ಮನೆ."

ಅವಳು ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಮಾವ ಮತ್ತೆ ಕರೆದರು.